ಗುಮಾಸ್ತರಿಲ್ಲದೆ ಒಬ್ಬರೇ ನಡೆಸುವ ರಿಪೇರಿ ಕೆಲಸದಲ್ಲಿ ಲಾಭ ಉಳಿಯುತ್ತದೆಯೇ?

ಫೋನ್ ಎತ್ತಲು, ಬಿಲ್ಲು ಬರೆಯಲು, ಬಾಕಿ ವಸೂಲಿಗೆ ಯಾರನ್ನೂ ಇಟ್ಟುಕೊಳ್ಳದೆ ಒಬ್ಬರೇ ಸರ್ವೀಸ್ ವ್ಯವಹಾರ ನಡೆಸಬಹುದೇ ಎಂದು ಕೇಳಿದ್ದೀರಿ. ಖಂಡಿತ ನಡೆಸಬಹುದು. ನಾನು ತೀರ್ಥಹಳ್ಳಿಯಲ್ಲಿದ್ದುಕೊಂಡು ಅಡಿಕೆ ತೋಟಗಳ ಔಷಧಿ ಪಂಪು, ವೀಡ್ ಕಟರ್, ಅಡಿಕೆ ಸುಲಿಯುವ ಯಂತ್ರಗಳನ್ನು ಮನೆಬಾಗಿಲಿಗೇ ಹೋಗಿ ರಿಪೇರಿ ಮಾಡುತ್ತೇನೆ. ಅಂಗಡಿಯಿಲ್ಲ, ಗುಮಾಸ್ತರಿಲ್ಲ. ಸಂಸಾರ ಇದೇ ದುಡಿಮೆಯಲ್ಲಿ ನೆಮ್ಮದಿಯಾಗಿ ನಡೆಯುತ್ತಿದೆ.

ನಮ್ಮ ಕಡೆ ಲಾಭವನ್ನು ತಿನ್ನುವುದು ದಾರಿ. ಮಲೆನಾಡಿನಲ್ಲಿ ಒಂದು ಮನೆಯಿಂದ ಇನ್ನೊಂದಕ್ಕೆ ಗುಡ್ಡ ಇಳಿದು ಹಳ್ಳ ದಾಟಬೇಕು. ಬೆಳಿಗ್ಗೆ ಮೇಗರವಳ್ಳಿ, ಮಧ್ಯಾಹ್ನ ಕೋಣಂದೂರು, ಸಂಜೆ ಮಂಡಗದ್ದೆ ಎಂದು ಕರೆದವರ ಹಿಂದೆ ಓಡಿದರೆ ಕೂಲಿಯೆಲ್ಲ ಪೆಟ್ರೋಲಿಗೇ ಹೋಗುತ್ತದೆ. ಅದಕ್ಕೇ ಒಂದೊಂದು ದಾರಿಗೆ ಒಂದೊಂದು ದಿನ ಗೊತ್ತುಮಾಡಿದ್ದೇನೆ. ಸೋಮವಾರ ಆಗುಂಬೆ ದಾರಿ, ಮಂಗಳವಾರ ಕೋಣಂದೂರು ಕಡೆ, ಹೀಗೆ. ಜನರಿಗೆ ಅದು ಸಂತೆಯ ದಿನದಂತೆ ರೂಢಿಯಾಗಿದೆ. "ಯಾವಾಗ ಬರುತ್ತೀರಿ ಮಾರಾಯರೇ?" ಎಂಬ ಫೋನೇ ಈಗ ಬರುವುದಿಲ್ಲ. ಕಚೇರಿಗೊಬ್ಬರು ಬೇಕು ಎನಿಸುವುದು ಬಹುಪಾಲು ಆ ಒಂದು ಪ್ರಶ್ನೆಗೆ ಉತ್ತರ ಹೇಳುವುದಕ್ಕೇ.

ಕೆಲಸದಲ್ಲಿರುವಾಗ ನಾನು ಫೋನ್ ಎತ್ತುವುದಿಲ್ಲ. ತೋಟದ ಮನೆಗಳಲ್ಲಿ ಸಿಗ್ನಲ್ಲೂ ಅಷ್ಟಕ್ಕಷ್ಟೇ. ಯಂತ್ರದ ಫೋಟೋ, ಸ್ಟಾರ್ಟ್ ಮಾಡುವಾಗಿನ ವಿಡಿಯೋ ಎರಡನ್ನೂ ವಾಟ್ಸಾಪಿನಲ್ಲಿ ಹಾಕಿಬಿಡಿ ಎಂದು ಎಲ್ಲರಿಗೂ ಹೇಳಿಟ್ಟಿದ್ದೇನೆ. ವೀಡ್ ಕಟರ್ ಸ್ಟಾರ್ಟ್ ಆಗಿ ಕೂಡಲೇ ನಿಂತುಹೋದರೆ ಕಾರ್ಬುರೇಟರಿನ ಮೇಲೆ ಅನುಮಾನ. ಹಗ್ಗ ಎಷ್ಟು ಎಳೆದರೂ ಸದ್ದೇ ಇಲ್ಲದಿದ್ದರೆ ಮೊದಲು ಪ್ಲಗ್ ನೋಡಬೇಕು. ಪಂಪು ಓಡುತ್ತಿದ್ದೂ ಪ್ರೆಶರ್ ಏರದಿದ್ದರೆ ಬಹುಶಃ ವಾಲ್ವು. ಅಡಿಕೆಯ ಕೊಳೆರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣ ಹೊಡೆದು ತೊಳೆಯದೆ ಬಿಟ್ಟ ಪಂಪನ್ನು ಬಿಚ್ಚಿ ನೋಡಿ, ಮೈಲುತುತ್ತ, ಸುಣ್ಣ ಸೇರಿ ವಾಲ್ವಿನ ಸುತ್ತ ನೀಲಿ ಹಕ್ಕಳೆ ಕಲ್ಲಾಗಿ ಕೂತಿರುತ್ತದೆ. ಇಷ್ಟು ಮೊದಲೇ ತಿಳಿದರೆ ಬೇಕಾದ ಬಿಡಿಭಾಗ ಚೀಲದಲ್ಲಿರುತ್ತದೆ. ಅದಕ್ಕಾಗಿ ಇನ್ನೊಮ್ಮೆ ಹೋಗಿಬರಬೇಕಾದರೆ ಆ ಕೆಲಸದಲ್ಲಿ ಏನೂ ಉಳಿಯುವುದಿಲ್ಲ.

ಇನ್ನು ಹಣ. "ಅಡಿಕೆ ಮಾರಿದ ಮೇಲೆ ಕೊಡುತ್ತೇನೆ" ಎನ್ನುವುದು ಇಲ್ಲಿನ ರೂಢಿ. ಅದರಲ್ಲಿ ತಪ್ಪಿಲ್ಲ, ಬೆಳೆಗಾರರ ಕೈಗೆ ದುಡ್ಡು ಬರುವುದೇ ಆಗ. ಆದರೆ ಬಾಕಿ ಪುಸ್ತಕ ಹಿಡಿದು ಮನೆಮನೆ ತಿರುಗುವುದು ಒಬ್ಬರಿಂದ ಆಗದ ಮಾತು. ಹಾಗಾಗಿ ಕೊಯ್ಲು ಮುಗಿದು ಅಡಿಕೆ ಮಂಡಿಗೆ ಹೋಗುವ ಹೊತ್ತಿಗೆ ಇಡೀ ವರ್ಷದ ಸರ್ವೀಸಿನ ಹಣ ಮುಂಗಡ ತೆಗೆದುಕೊಳ್ಳುತ್ತೇನೆ. ಹಾಗೆ ಕೊಟ್ಟವರ ಪಂಪು, ಮಳೆ ಹಿಡಿದು ಕೊಳೆರೋಗ ಬರುವ ಮುನ್ನ ಮೊದಲು ಸಿದ್ಧವಾಗುತ್ತದೆ. ಮರ ಹತ್ತಿ ಔಷಧಿ ಹೊಡೆಯುವ ಕೊನೆಗಾರರು ಸಿಗುವುದೇ ಕಷ್ಟವಾಗಿರುವ ಕಾಲ. ಅವರು ಬಂದ ದಿನವೇ ಪಂಪು ಕೈಕೊಟ್ಟರೆ ಏನಾಗುತ್ತದೆಂದು ಬಲ್ಲ ಬೆಳೆಗಾರರು ಮುಂಗಡಕ್ಕೆ ಹಿಂದೆಮುಂದೆ ನೋಡುವುದಿಲ್ಲ. ಉಳಿದವರು ಕೆಲಸ ಮುಗಿದ ಜಾಗದಲ್ಲೇ ಯುಪಿಐ ಮಾಡುತ್ತಾರೆ. ದರಪಟ್ಟಿ ಒಂದೇ, ನೆಂಟರಿಗೂ ಅದೇ.

ಲೆಕ್ಕಪತ್ರಕ್ಕೆ ಹೆದರಬೇಡಿ. ನಮ್ಮಂಥ ಸೇವಾ ಕೆಲಸಕ್ಕೆ ಸಾಮಾನ್ಯವಾಗಿ ವರ್ಷದ ವಹಿವಾಟು 20 ಲಕ್ಷ ರೂಪಾಯಿ ದಾಟುವವರೆಗೆ ಜಿಎಸ್‌ಟಿ ನೋಂದಣಿ ಕಡ್ಡಾಯವಿಲ್ಲ. ಸಣ್ಣ ಉದ್ದಿಮೆಗಳಿಗೆ ಕೇಂದ್ರ ಸರ್ಕಾರ ಕೊಡುವ ಉದ್ಯಮ್ ನೋಂದಣಿ ಆನ್‌ಲೈನಿನಲ್ಲಿ ಉಚಿತವಾಗಿ ಆಗುತ್ತದೆ, ದುಡ್ಡು ಕೇಳುವ ಮಧ್ಯವರ್ತಿಗಳ ಬಳಿ ಹೋಗಬೇಡಿ. ಆದಾಯ ತೆರಿಗೆಯಲ್ಲಿ ಸಣ್ಣ ವ್ಯವಹಾರಗಳಿಗೆ ಅಂದಾಜು ಲಾಭದ ಪದ್ಧತಿ ಇದೆ. ಬ್ಯಾಂಕ್, ಯುಪಿಐ ಮೂಲಕ ಬಂದ ಹಣದಲ್ಲಿ ಕನಿಷ್ಠ ಶೇ 6, ನಗದಿನಲ್ಲಿ ಕನಿಷ್ಠ ಶೇ 8 ಲಾಭವೆಂದು ತೋರಿಸಬೇಕು. ವರ್ಷಕ್ಕೊಮ್ಮೆ ಪೇಟೆಯ ಲೆಕ್ಕಿಗರಿಗೆ ಶುಲ್ಕ ಕೊಟ್ಟು ರಿಟರ್ನ್ ಸಲ್ಲಿಸಿದರೆ ಸಾಕು.

ನನ್ನ ದಾರಿಗಳ ಆಚೆಯಿಂದ ಕರೆ ಬಂದರೆ ಹೊಸನಗರ ಕಡೆಯ ಮೆಕ್ಯಾನಿಕ್ ಒಬ್ಬರ ನಂಬರು ಕೊಡುತ್ತೇನೆ. ಅವರೂ ಈ ಕಡೆಯವರನ್ನು ನನಗೆ ಕಳಿಸುತ್ತಾರೆ. ನೀವು ಶುರುಮಾಡುವುದಾದರೆ ಮೊದಲು ಎರಡೇ ದಾರಿ ಹಿಡಿಯಿರಿ. ಅವು ತುಂಬಿದ ಮೇಲೆ ಮೂರನೆಯದನ್ನು ನೋಡಬಹುದು.