ಐದು ಮೇಜರ್‌ಗಳಲ್ಲಿ ಒಂದನ್ನೇ ನೋಡುವುದಾದರೆ ಯಾವುದು? ನನ್ನ ಓಟು ಯು.ಎಸ್. ವಿಮೆನ್ಸ್ ಓಪನ್‌ಗೆ

ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಅದಿತಿ ಅಶೋಕ್ ಆಡಿದ್ದನ್ನು ನೋಡಿ ಗಾಲ್ಫ್ ಹಿಡಿಸಿತು ಎಂದು ಬರೆದಿದ್ದೀರಿ. ಮಹಿಳೆಯರಿಗೆ ವರ್ಷಕ್ಕೆ ಐದು ಮೇಜರ್, ಅಂದರೆ ಎಲ್ಲಕ್ಕಿಂತ ದೊಡ್ಡ ಟೂರ್ನಿಗಳು, ಇವೆ, ಐದರಲ್ಲೂ ಹೆಚ್ಚುಕಮ್ಮಿ ಅವರೇ ಆಡುತ್ತಾರೆ, ಹಾಗಿದ್ದ ಮೇಲೆ ಒಂದಕ್ಕೂ ಇನ್ನೊಂದಕ್ಕೂ ಏನು ವ್ಯತ್ಯಾಸ, ಒಂದನ್ನೇ ನೋಡುವುದಾದರೆ ಯಾವುದು ಎಂದು ಕೇಳಿದ್ದೀರಿ.

ಯು.ಎಸ್. ವಿಮೆನ್ಸ್ ಓಪನ್. ಈ ಉತ್ತರ ಕೊಡೋಕೆ ನನಗೆ ಯೋಚನೆಯೇ ಬೇಕಿಲ್ಲ. ನಾನು ಆಡುವುದು ಅಷ್ಟಕ್ಕಷ್ಟೇ, ಆದರೆ ನೋಡುವ ಚಟ ಹಳೆಯದು.

ಮೊದಲು ಐದರ ಪರಿಚಯ ಬೇಗ ಮುಗಿಸುತ್ತೇನೆ. ಏಪ್ರಿಲ್‌ನಲ್ಲಿ ಟೆಕ್ಸಸ್‌ನಲ್ಲಿ ಶೆವ್ರಾನ್ ಚಾಂಪಿಯನ್‌ಶಿಪ್. ಮೇ ಕೊನೆ ಅಥವಾ ಜೂನ್ ಶುರುವಿಗೆ ಯು.ಎಸ್. ವಿಮೆನ್ಸ್ ಓಪನ್. ಜೂನ್‌ನಲ್ಲೇ ವಿಮೆನ್ಸ್ ಪಿಜಿಎ. ಜುಲೈಯಲ್ಲಿ ಫ್ರಾನ್ಸ್‌ನ ಎವಿಯಾಂ. ಕೊನೆಗೆ ಬ್ರಿಟನ್‌ನ ವಿಮೆನ್ಸ್ ಓಪನ್. ಇವುಗಳಲ್ಲಿ ಎವಿಯಾಂ ಮೇಜರ್ ಆಗಿದ್ದು 2013ರಲ್ಲಿ, ಬ್ರಿಟನ್‌ನದು 2001ರಲ್ಲಿ. ಅದಕ್ಕೂ ಮೊದಲು ಕೆನಡಾದ ಒಂದು ಟೂರ್ನಿಗೆ ಮೇಜರ್ ಪಟ್ಟ ಇತ್ತು, ಅದು ಹೋಯಿತು. ಹೀಗೆ ಪಟ್ಟಿ ಬದಲಾಗುತ್ತಲೇ ಇದೆ. 1950ರಲ್ಲಿ ಮಹಿಳಾ ಪ್ರೊ ಗಾಲ್ಫರ್‌ಗಳ ಸಂಘ ಎಲ್‌ಪಿಜಿಎ ಹುಟ್ಟಿದಾಗಿನಿಂದ ಇವತ್ತಿನ ತನಕ ಪಟ್ಟಿಯಿಂದ ಬೀಳದೆ ಉಳಿದಿರುವುದು ಯು.ಎಸ್. ವಿಮೆನ್ಸ್ ಓಪನ್ ಒಂದೇ. ಅದು ಎಲ್‌ಪಿಜಿಎಗಿಂತಲೂ ಹಿರಿಯದು. ಮೊದಲ ಸಲ ನಡೆದದ್ದು 1946ರಲ್ಲಿ, ವಾಷಿಂಗ್ಟನ್ ರಾಜ್ಯದ ಸ್ಪೊಕೇನ್ ಊರಿನಲ್ಲಿ. ಗೆದ್ದ ಪ್ಯಾಟಿ ಬರ್ಗ್‌ಗೆ ಬಹುಮಾನವನ್ನು ಯುದ್ಧದ ಬಾಂಡ್‌ಗಳಲ್ಲಿ ಕೊಟ್ಟರಂತೆ.

ಹಳೆಯದು ಅಂತ ಮಾತ್ರ ನೋಡಿ ಎನ್ನುತ್ತಿಲ್ಲ. ನಾನು ಇದನ್ನು ನೋಡುವುದು ಇಲ್ಲಿ ತಪ್ಪಿಗೆ ಮಾಫಿ ಇಲ್ಲ ಅನ್ನೋ ಕಾರಣಕ್ಕೆ.

ಪಾರ್ ಅಂದರೆ ಒಂದು ಹೋಲ್ ಅಥವಾ ಕೋರ್ಸ್ ಮುಗಿಸಲು ಇಷ್ಟು ಹೊಡೆತ ಎಂದು ಇಟ್ಟ ಲೆಕ್ಕ, ಹೊಡೆತ ಕಡಿಮೆಯಾದಷ್ಟೂ ಒಳ್ಳೆಯದು. ವಾರವಾರದ ಮಾಮೂಲಿ ಟೂರ್ನಿಗಳಲ್ಲಿ ಗೆದ್ದವರ ಸ್ಕೋರು ಪಾರ್‌ಗಿಂತ 15, 20 ಕಡಿಮೆ ಇರುವುದು ಮಾಮೂಲು. ಚಿನ್ನಸ್ವಾಮಿಯಲ್ಲಿ ಐಪಿಎಲ್ ನೋಡಿದ ಹಾಗೆ, ಸಿಕ್ಸರ್ ಮೇಲೆ ಸಿಕ್ಸರ್. ಯು.ಎಸ್. ವಿಮೆನ್ಸ್ ಓಪನ್ ನಡೆಸುವುದು ಅಮೆರಿಕದ ಗಾಲ್ಫ್ ಸಂಸ್ಥೆ ಯುಎಸ್‌ಜಿಎ, 1953ರಿಂದ. ಪಾರ್ ಅನ್ನೋದು ಒಳ್ಳೆಯ ಸ್ಕೋರು ಆಗಿರಬೇಕು ಅನ್ನೋದು ಅವರ ಹಟ. ಅದಕ್ಕೆ ಚೆಂಡು ಹೊಡೆಯುವ ದಾರಿ, ಅಂದರೆ ಫೇರ್‌ವೇ, ಕಿರಿದು ಮಾಡುತ್ತಾರೆ. ಪಕ್ಕದ ರಫ್ ಹುಲ್ಲನ್ನು ದಟ್ಟವಾಗಿ ಬೆಳೆಯಲು ಬಿಡುತ್ತಾರೆ. ಹೋಲ್ ಇರುವ ನುಣುಪು ಹುಲ್ಲಿನ ಜಾಗಗಳನ್ನು, ಅಂದರೆ ಗ್ರೀನ್‌ಗಳನ್ನು, ಗಟ್ಟಿ ಮಾಡುತ್ತಾರೆ, ಚೆಂಡು ಬಿದ್ದ ಕಡೆ ನಿಲ್ಲುವುದಿಲ್ಲ.

2024ರಲ್ಲಿ ಪೆನ್ಸಿಲ್ವೇನಿಯಾದ ಲ್ಯಾಂಕಾಸ್ಟರ್ ಕಂಟ್ರಿ ಕ್ಲಬ್‌ನಲ್ಲಿ ನಡೆದದ್ದು ಕೇಳಿ. ನೆಲ್ಲಿ ಕೋರ್ಡಾ ಆಗ ವಿಶ್ವದ ನಂಬರ್ ಒನ್. ಹಿಂದೆ ಆಡಿದ ಏಳು ಟೂರ್ನಿಗಳಲ್ಲಿ ಆರನ್ನು ಗೆದ್ದು ಬಂದಿದ್ದರು. ಮೊದಲ ದಿನ ಹತ್ತನೇ ಹೋಲ್‌ನಿಂದ ಶುರು ಮಾಡಿದರು. ಮೂರನೆಯದಾಗಿ ಬಂದದ್ದು 12ನೇ ಹೋಲ್, ಪಾರ್ 3, ಗ್ರೀನ್ ಮುಂದೆ ಸಣ್ಣ ತೊರೆ. ಮೊದಲ ಹೊಡೆತ ಹಿಂದಿನ ಮರಳುಗುಂಡಿಗೆ, ಅಂದರೆ ಬಂಕರ್‌ಗೆ ಬಿತ್ತು. ಅಲ್ಲಿಂದ ಎತ್ತಿದ ಚೆಂಡು ಗ್ರೀನ್ ದಾಟಿ ಉರುಳಿ ತೊರೆಗೆ. ಮತ್ತೆ ಹೊಡೆದರು, ಮತ್ತೆ ನೀರು. ಮತ್ತೊಂದು, ಅದೂ ನೀರು. ಮೂರರಲ್ಲಿ ಮುಗಿಯಬೇಕಾದ ಹೋಲ್‌ನಲ್ಲಿ ಹತ್ತು! ಅವತ್ತು 80 ಹೊಡೆದರು, ಎರಡು ದಿನ ಆದ ಮೇಲೆ ಹಿಂದುಳಿದವರನ್ನು ಕೈಬಿಡುವ ಶುಕ್ರವಾರದ ಕಟ್ ದಾಟಲಿಲ್ಲ. ಆ ವಾರ ನಾಲ್ಕು ದಿನ ಮುಗಿದಾಗ ಪಾರ್‌ಗಿಂತ ಕಡಿಮೆ ಇದ್ದವರು ಇಬ್ಬರೇ: ಗೆದ್ದ ಯೂಕಾ ಸಾಸೊ ನಾಲ್ಕು ಕಡಿಮೆ, ಎರಡನೇ ಸ್ಥಾನದ ಹಿನಾಕೊ ಶಿಬುನೊ ಒಂದು ಕಡಿಮೆ.

ಸಾಸೊ ಅವರದೂ ಒಂದು ತಮಾಷೆ ಇದೆ. 2021ರಲ್ಲಿ ಇದೇ ಕಪ್ ಗೆದ್ದಾಗ ಅವರು ಫಿಲಿಪೀನ್ಸ್ ಪರ ಆಡುತ್ತಿದ್ದರು, 2024ರಲ್ಲಿ ಜಪಾನ್ ಪರ.

ತಪ್ಪಿಗೆ ಮಾಫಿ ಇಲ್ಲ ಎಂದೆನಲ್ಲ, ಅದು ಮೈದಾನದೊಳಗೆ ಮಾತ್ರ ಅಲ್ಲ. 1957ರಲ್ಲಿ ನ್ಯೂಯಾರ್ಕ್ ಬಳಿಯ ವಿಂಗ್ಡ್ ಫುಟ್ ಕ್ಲಬ್‌ನಲ್ಲಿ ಹವಾಯಿಯ ಜಾಕಿ ಪಂಗ್ ಒಟ್ಟು 298 ಹೊಡೆತಗಳಲ್ಲಿ ಮುಗಿಸಿದರು. ಬೆಟ್ಸಿ ರಾಲ್ಸ್ 299. ಗೆದ್ದದ್ದು ಪಂಗ್ ಎಂದು ಎಲ್ಲರೂ ಕುಣಿದಾಡಿದರು. ಆಮೇಲೆ ಯಾರೋ ಸ್ಕೋರ್‌ಕಾರ್ಡ್ ನೋಡಿದರು. ನಾಲ್ಕನೇ ಹೋಲ್‌ನಲ್ಲಿ ಆಕೆ ಹೊಡೆದದ್ದು ಆರು, ಕಾರ್ಡ್‌ನಲ್ಲಿ ಐದು ಎಂದಿತ್ತು. ಬರೆದದ್ದು ಜೊತೆಗೆ ಆಡುತ್ತಿದ್ದ ಬೆಟ್ಟಿ ಜೇಮ್ಸನ್, ಗಾಲ್ಫ್‌ನಲ್ಲಿ ಒಬ್ಬರ ಕಾರ್ಡ್ ಇನ್ನೊಬ್ಬರು ಬರೆಯುತ್ತಾರೆ. ಕಾರ್ಡ್‌ನ ಕೆಳಗೆ ಹಾಕಿದ್ದ ಒಟ್ಟು ಮೊತ್ತ ಸರಿಯಾಗಿಯೇ ಇತ್ತು. ಆದರೆ ಇದ್ದದ್ದಕ್ಕಿಂತ ಕಡಿಮೆ ಬರೆದ ಕಾರ್ಡ್‌ಗೆ ಸಹಿ ಹಾಕಿದರೆ ಆಟದಿಂದಲೇ ಹೊರಗೆ, ಅದು ನಿಯಮ. ಪಂಗ್ ಹೊರಗೆ. ಜೇಮ್ಸನ್ ಕಾರ್ಡ್‌ನಲ್ಲೂ ಅದೇ ಹೋಲ್‌ನಲ್ಲಿ ಅದೇ ತಪ್ಪು ಇತ್ತು, ಅವರೂ ಹೊರಗೆ. ಕಪ್ ರಾಲ್ಸ್ ಪಾಲಾಯಿತು. 1953ರಲ್ಲಿ ಸ್ಕೋರು ಸಮವಾಗಿ ನಡೆದ ಪ್ಲೇಆಫ್‌ನಲ್ಲೂ ಪಂಗ್ ಸೋತದ್ದು ಇದೇ ರಾಲ್ಸ್‌ಗೆ. ನೋಡಿ ಹಣೆಬರಹ! ಕ್ಲಬ್ಬಿನ ಸದಸ್ಯರು ಮರುಗಿ ಅಲ್ಲೇ ಪಂಗ್‌ಗಾಗಿ ಚಂದಾ ಎತ್ತಿದರು. ಗೆದ್ದವರ ಬಹುಮಾನ 1,800 ಡಾಲರ್ ಇತ್ತು, ಚಂದಾ ಅದಕ್ಕಿಂತ ಜಾಸ್ತಿ ಬಂತು. ಆ ನಿಯಮ ಇವತ್ತಿಗೂ ಇದೆ. ನನ್ನ ಪ್ರಕಾರ ಇದು ಸ್ವಲ್ಪ ಅತಿಯೇ. ಸಾವಿರಾರು ಜನ ನೋಡುತ್ತಿರುವಾಗ ಹೊಡೆದ ಹೊಡೆತವನ್ನು ಯಾರು ಬಚ್ಚಿಡೋಕೆ ಆಗುತ್ತೆ?

2016ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಇನ್ನೂ ವಿಚಿತ್ರ. ಬ್ರಿಟನಿ ಲ್ಯಾಂಗ್ ಮತ್ತು ಸ್ವೀಡನ್‌ನ ಅನ್ನಾ ನಾರ್ಡ್‌ಕ್ವಿಸ್ಟ್ ನಡುವೆ ಮೂರು ಹೋಲ್‌ಗಳ ಪ್ಲೇಆಫ್. ಎರಡನೇ ಹೋಲ್‌ನಲ್ಲಿ ನಾರ್ಡ್‌ಕ್ವಿಸ್ಟ್ ಬಂಕರ್‌ನಿಂದ ಹೊಡೆಯುವಾಗ ಕ್ಲಬ್ ಹಿಂದಕ್ಕೆ ಎತ್ತುವಾಗಲೇ ಕೆಲವು ಮರಳಿನ ಕಣ ಅಲುಗಿದವು. ಆಕೆಗೂ ಗೊತ್ತಾಗಲಿಲ್ಲ, ಪಕ್ಕದಲ್ಲಿದ್ದವರಿಗೂ ಕಾಣಲಿಲ್ಲ. ಟಿವಿ ಕ್ಯಾಮೆರಾ ಹಿಗ್ಗಿಸಿ ನೋಡಿದಾಗ ಕಂಡಿತು. ಹೊಡೆತಕ್ಕೆ ಮೊದಲೇ ಕ್ಲಬ್ ಮರಳಿಗೆ ತಾಕಿದ್ದಕ್ಕೆ ಎರಡು ಹೊಡೆತದ ದಂಡ. ಅದನ್ನು ಹೇಳಿದ್ದೂ ಕೊನೆಯ ಹೋಲ್ ಅರ್ಧ ಆಡಿದ ಮೇಲೆ. ಲ್ಯಾಂಗ್ ಗೆದ್ದರು. ಮರುವರ್ಷ, ಬರಿಗಣ್ಣಿಗೆ ಕಾಣದ್ದನ್ನು ವಿಡಿಯೊ ಹಿಡಿದರೆ ದಂಡ ಬೇಡ ಎಂದು ನಿಯಮ ಸಡಿಲಿಸಿದರು. ಆದರೆ ಕಪ್ ವಾಪಸ್ ಬರುತ್ತಾ?

ಇಷ್ಟೆಲ್ಲ ಕೇಳಿ ಬರೀ ಅಳುವ ಟೂರ್ನಿ ಅಂದುಕೊಳ್ಳಬೇಡಿ. ತಪ್ಪು ಮಾಡಿದ ಮೇಲೂ ಎದ್ದು ನಿಲ್ಲುವುದು ಹೇಗೆ ಅನ್ನೋದು ಇಲ್ಲಿ ಕಂಡಷ್ಟು ಬೇರೆ ಕಡೆ ನನಗೆ ಕಂಡಿಲ್ಲ. 2018ರಲ್ಲಿ ಥಾಯ್ಲೆಂಡ್‌ನ ಅರಿಯಾ ಜುತಾನುಗಾನ್ ಒಂಬತ್ತು ಹೋಲ್ ಬಾಕಿ ಇರುವಾಗ ಏಳು ಹೊಡೆತ ಮುಂದಿದ್ದರು. ಅಷ್ಟನ್ನೂ ಕಳೆದುಕೊಂಡರು. ಆದರೂ ಪ್ಲೇಆಫ್‌ನ ನಾಲ್ಕನೇ ಹೋಲ್‌ನಲ್ಲಿ ಕೊರಿಯಾದ ಕಿಮ್ ಹ್ಯೋ ಜೂ ಅವರನ್ನು ಸೋಲಿಸಿದರು. ಇನ್ನು ಬೇಬ್ ಜಹಾರಿಯಸ್. 1932ರ ಒಲಿಂಪಿಕ್ಸ್‌ನಲ್ಲಿ ಜಾವೆಲಿನ್ ಮತ್ತು ಹರ್ಡಲ್ಸ್ ಎರಡರಲ್ಲೂ ಚಿನ್ನ ಗೆದ್ದು, ಆಮೇಲೆ ಗಾಲ್ಫ್‌ಗೆ ಬಂದ ಹೆಂಗಸು. 1953ರಲ್ಲಿ ಕರುಳಿನ ಕ್ಯಾನ್ಸರ್‌ಗೆ ದೊಡ್ಡ ಆಪರೇಷನ್ ಆಯಿತು. ಮರುವರ್ಷ ಈ ಟೂರ್ನಿಯನ್ನು 12 ಹೊಡೆತಗಳ ಅಂತರದಲ್ಲಿ ಗೆದ್ದರು. ಎರಡು ವರ್ಷಕ್ಕೆ ತೀರಿಕೊಂಡರು.

ಆದರೆ ಒಂದೇ ಒಂದು ಹಳೆಯ ವಿಡಿಯೊ ನೋಡಲು ಪುರುಸೊತ್ತಿದ್ದರೆ 1998ರದ್ದನ್ನು ನೋಡಿ. ವಿಸ್ಕಾನ್ಸಿನ್‌ನ ಕೊಹ್ಲರ್‌ನಲ್ಲಿರುವ ಬ್ಲ್ಯಾಕ್‌ವುಲ್ಫ್ ರನ್ ಕೋರ್ಸ್. ದಕ್ಷಿಣ ಕೊರಿಯಾದ ಪಾಕ್ ಸೆ ರಿ, 20 ವರ್ಷ. ಎದುರಿಗೆ ಜೆನ್ನಿ ಚುವಾಸಿರಿಪೋರ್ನ್, ಇನ್ನೂ ಕಾಲೇಜಿನಲ್ಲಿ ಓದುತ್ತಿದ್ದ ಅಮೆಚೂರ್ (ದುಡ್ಡಿಗೆ ಆಡದವರು), ಥಾಯ್ ಮೂಲದ ಅಮೆರಿಕದ ಹುಡುಗಿ. ಭಾನುವಾರ ಕೊನೆಯ ಹೋಲ್‌ನಲ್ಲಿ ಜೆನ್ನಿ ಬಹಳ ದೂರದ ಪಟ್ (ಗ್ರೀನ್ ಮೇಲೆ ಉರುಳಿಸುವ ಹೊಡೆತ) ಹಾಕಿ ಸಮ ಮಾಡಿಬಿಟ್ಟರು. ಅದು ಹೋಲ್‌ಗೆ ಬಿದ್ದಾಗ ಅವರೇ ಬಾಯಿಗೆ ಕೈ ಅಡ್ಡ ಇಟ್ಟುಕೊಂಡರು. ಆಗಿನ ನಿಯಮದಂತೆ ಸೋಮವಾರ ಮತ್ತೆ ಪೂರ್ತಿ 18 ಹೋಲ್. ಅದರ ಕೊನೆಯ ಹೋಲ್‌ನಲ್ಲಿ ಪಾಕ್ ಹೊಡೆದ ಚೆಂಡು ಎಡಕ್ಕೆ ಹೋಗಿ ಕೆರೆಯ ದಂಡೆಯ ಹುಲ್ಲಿನಲ್ಲಿ ನೇತಾಡಿಕೊಂಡು ನಿಂತಿತು. ದಂಡ ಕಟ್ಟಿ ಬೇರೆ ಕಡೆಯಿಂದ ಆಡಬಹುದಿತ್ತು. ಆಕೆ ಸುತ್ತಮುತ್ತ ಓಡಾಡಿ ನೋಡಿದರು, ಶೂ ಬಿಚ್ಚಿದರು, ಸಾಕ್ಸ್ ಬಿಚ್ಚಿದರು, ನೀರಿಗಿಳಿದರು. ಬಿಸಿಲಿಗೆ ಕಪ್ಪಾದ ಕಾಲು, ಸಾಕ್ಸ್ ಇದ್ದಷ್ಟು ಭಾಗ ಮಾತ್ರ ಬೆಳ್ಳಗೆ. ಅಲ್ಲಿಂದಲೇ ಚೆಂಡನ್ನು ಎತ್ತಿ ಹೊಡೆದರು. ಇಬ್ಬರಿಗೂ ಆ ಹೋಲ್‌ನಲ್ಲಿ ಬೋಗಿ, ಅಂದರೆ ಪಾರ್‌ಗಿಂತ ಒಂದು ಜಾಸ್ತಿ. 18 ಹೋಲ್ ಮುಗಿದರೂ ಸಮ! ಆಮೇಲೆ ಒಂದು ಹೋಲ್ ಗೆದ್ದರೆ ಆಟವೇ ಮುಗಿಯುವ ಸಡನ್ ಡೆತ್‌ನ ಎರಡನೇ ಹೋಲ್‌ನಲ್ಲಿ ಪಾಕ್ ಬರ್ಡಿ (ಪಾರ್‌ಗಿಂತ ಒಂದು ಕಡಿಮೆ) ಹೊಡೆದು ಗೆದ್ದರು. ಒಟ್ಟು 92 ಹೋಲ್ ಆಡಿದ ಮೇಲೆ.

ಕೊರಿಯಾ ಆಗ ಹಣಕಾಸಿನ ಬಿಕ್ಕಟ್ಟಿನಲ್ಲಿ ಒದ್ದಾಡುತ್ತಿತ್ತು, ಐಎಂಎಫ್ ಸಾಲದ ಕಾಲ. ಆ ಬೆಳ್ಳಗಿನ ಪಾದಗಳ ಚಿತ್ರ ಅಲ್ಲಿ ಮನೆಮನೆಗೆ ಗೊತ್ತು. ಅದನ್ನು ನೋಡಿ ಗಾಲ್ಫ್ ಕ್ಲಬ್ ಹಿಡಿದ ಹುಡುಗಿಯರನ್ನು ಸೆ ರಿ ಮಕ್ಕಳು ಎಂದೇ ಕರೆಯುತ್ತಾರೆ. ಹತ್ತು ವರ್ಷಕ್ಕೆ, 2008ರಲ್ಲಿ, ಅವರಲ್ಲೊಬ್ಬರಾದ ಪಾಕ್ ಇನ್ ಬೀ 19ನೇ ವಯಸ್ಸಿಗೇ ಇದೇ ಕಪ್ ಗೆದ್ದರು. 2011ರಿಂದ 2020ರ ತನಕದ ಹತ್ತು ಟೂರ್ನಿಗಳಲ್ಲಿ ಏಳನ್ನು ಗೆದ್ದದ್ದು ಕೊರಿಯಾದವರು. ಒಂದು ಟೂರ್ನಿಯ ಒಂದು ಹೊಡೆತ ಒಂದು ದೇಶದ ಆಟವನ್ನೇ ಬದಲಿಸಿತು ಅನ್ನೋದು ಉತ್ಪ್ರೇಕ್ಷೆ ಅಂತ ನನಗೆ ಅನ್ನಿಸುವುದಿಲ್ಲ. ಜೆನ್ನಿ ಮಾತ್ರ ಪ್ರೊ ಆದರೂ ಗಾಲ್ಫ್ ಕೈಹಿಡಿಯಲಿಲ್ಲ. ಆಟ ಬಿಟ್ಟು ನರ್ಸ್ ಆದರು.

ಇನ್ನೊಂದು ಕಾರಣ, ಇದಕ್ಕೆ ಯಾರು ಬೇಕಾದರೂ ಅರ್ಜಿ ಹಾಕಬಹುದು. ಹ್ಯಾಂಡಿಕ್ಯಾಪ್ (ಆಟಗಾರರ ಮಟ್ಟ ಅಳೆಯುವ ಅಂಕಿ, ಕಡಿಮೆ ಇದ್ದಷ್ಟೂ ಆಟ ಚೆನ್ನ) ತೀರಾ ಕಡಿಮೆ ಇರಬೇಕು, ಅಷ್ಟೇ. 2023ರಲ್ಲಿ ಟೂರ್ನಿ ಮೊದಲ ಸಲ ಕ್ಯಾಲಿಫೋರ್ನಿಯಾದ ಹೆಸರಾಂತ ಕೋರ್ಸ್ ಪೆಬಲ್ ಬೀಚ್‌ಗೆ ಹೋದಾಗ 2,107 ಅರ್ಜಿ ಬಂದಿದ್ದವು. ಜಾಗ ಇರುವುದು 156. ಕೆಲವರಿಗೆ ಹಳೆಯ ಗೆಲುವು, ರ‍್ಯಾಂಕಿಂಗ್ ಲೆಕ್ಕದಲ್ಲಿ ನೇರ ಪ್ರವೇಶ. ಉಳಿದವರು ಒಂದೇ ದಿನ 36 ಹೋಲ್ ಆಡಿ ಅರ್ಹತೆ ಗಿಟ್ಟಿಸಬೇಕು. ಹೀಗಾಗಿಯೇ 2014ರಲ್ಲಿ ಲೂಸಿ ಲೀ ಎಂಬ 11 ವರ್ಷದ ಹುಡುಗಿ ಪೈನ್‌ಹರ್ಸ್ಟ್‌ನಲ್ಲಿ ಆಡಿದಳು, ಎರಡು ದಿನವೂ 78 ಹೊಡೆದು, ಐಸ್‌ಕ್ರೀಂ ತಿನ್ನುತ್ತಾ ಪತ್ರಕರ್ತರಿಗೆ ಉತ್ತರ ಕೊಟ್ಟಳು. ಅಮೆಚೂರ್ ಆಗಿದ್ದುಕೊಂಡು ಇದನ್ನು ಗೆದ್ದವರು ಇದುವರೆಗೆ ಒಬ್ಬರೇ, 1967ರಲ್ಲಿ ಫ್ರಾನ್ಸ್‌ನ ಕ್ಯಾಥರೀನ್ ಲಾಕೋಸ್ಟ್. ಟೆನಿಸ್ ಆಟಗಾರ ರೆನೆ ಲಾಕೋಸ್ಟ್ ಮಗಳು. ಮೊಸಳೆ ಗುರುತಿನ ಟೀ ಶರ್ಟ್ ಇದೆಯಲ್ಲ, ಅದೇ ಲಾಕೋಸ್ಟ್.

ದುಡ್ಡಿನ ಮಾತು ಬೇಕಿದ್ದರೆ: 2024ರಲ್ಲಿ ಒಟ್ಟು ಬಹುಮಾನ 1.2 ಕೋಟಿ ಡಾಲರ್, ಸಾಸೊಗೆ ಸಿಕ್ಕಿದ್ದು 24 ಲಕ್ಷ ಡಾಲರ್. ಅದೇ ವರ್ಷ ಗಂಡಸರ ಯು.ಎಸ್. ಓಪನ್‌ನ ಒಟ್ಟು ಬಹುಮಾನ 2.15 ಕೋಟಿ. ಕ್ಲಬ್ ಎಷ್ಟು ಚೆನ್ನಾಗಿ ಬೀಸಿದರೂ ಅಂತರ ಹಾಗೇ ಇದೆ.

ನಮ್ಮವರು ಯಾರಾದರೂ ಗೆದ್ದಿದ್ದಾರಾ ಎಂದೂ ಕೇಳಿದ್ದೀರಿ. ಇಲ್ಲ, ಭಾರತದವರು ಇನ್ನೂ ಗೆದ್ದಿಲ್ಲ. ಬೆಂಗಳೂರಿನ ಕರ್ನಾಟಕ ಗಾಲ್ಫ್ ಅಸೋಸಿಯೇಷನ್ ಮೈದಾನದಲ್ಲಿ ಕಲಿತ ಅದಿತಿ ಈ ಟೂರ್ನಿಯನ್ನು ಎಷ್ಟೋ ಸಲ ಆಡಿದ್ದಾರೆ. ಟೋಕಿಯೊದಲ್ಲಿ ನೀವೇ ನೋಡಿದಿರಲ್ಲ, ಒಂದೇ ಹೊಡೆತದಲ್ಲಿ ಪದಕದ ಪ್ಲೇಆಫ್ ತಪ್ಪಿತು. ಅವರ ಬಲ ಗ್ರೀನ್ ಮೇಲಿನ ಪಟಿಂಗ್. ಚೆಂಡನ್ನು ದೂರ ಹೊಡೆಯುವುದರಲ್ಲಿ ಹಿಂದೆ. ಈ ಟೂರ್ನಿಯ ಉದ್ದದ ಕೋರ್ಸ್‌ಗಳಲ್ಲಿ ಅದು ಅವರಿಗೆ ಕಷ್ಟ ಕೊಡುತ್ತದೆ. ಮೈಸೂರಿನ ಪ್ರಣವಿ ಅರಸ್ ಮೇಲೂ ಒಂದು ಕಣ್ಣಿಡಿ, ಯುರೋಪಿನ ಟೂರ್‌ನಲ್ಲಿ ಆಡುತ್ತಿದ್ದಾರೆ.

ನೋಡುವುದಾದರೆ ಒಂದು ಕಿವಿಮಾತು. ಅಮೆರಿಕದ ಮಧ್ಯಾಹ್ನ ನಮಗೆ ಮಧ್ಯರಾತ್ರಿ, ಭಾನುವಾರದ ಕೊನೆಯ ಹೋಲ್‌ಗಳು ಬರುವಾಗ ನಮ್ಮಲ್ಲಿ ಸೋಮವಾರ ನಸುಕು. ಆಫೀಸಿದ್ದವರಿಗೆ ಕಷ್ಟ. ನಾಲ್ಕೂ ದಿನ ನಿದ್ದೆಗೆಡುವ ಬದಲು ಶುಕ್ರವಾರ ರಾತ್ರಿ ನೋಡಿ. 36 ಹೋಲ್ ಆದ ಮೇಲೆ ಮೊದಲ 60 ಸ್ಥಾನ ಮತ್ತು ಅವರ ಸಮಕ್ಕೆ ಇರುವವರು ಮಾತ್ರ ಉಳಿಯುತ್ತಾರೆ. ಆ ಗೆರೆಯ ಆಚೆ ಈಚೆ ಒಂದು ಹೊಡೆತದಲ್ಲಿ ಒದ್ದಾಡುವವರ ಆಟ ಮುಂದಿರುವವರ ಆಟಕ್ಕಿಂತ ಎಷ್ಟೋ ಸಲ ಚೆನ್ನಾಗಿರುತ್ತೆ. ನಿದ್ದೆ ಬಿಡೋಕೆ ಆಗೋದೇ ಇಲ್ಲ ಅಂದರೆ ಬ್ರಿಟನ್‌ನ ವಿಮೆನ್ಸ್ ಓಪನ್ ನೋಡಿ, ಅದು ನಮ್ಮ ಸಂಜೆಗೆ ಬರುತ್ತೆ, ರಾತ್ರಿ ಮಲಗುವ ಹೊತ್ತಿಗೆ ಹೆಚ್ಚುಕಮ್ಮಿ ಮುಗಿಯುತ್ತೆ.