ದಿನನಿತ್ಯದ ಯಾವ ಮಾತುಗಳು ನಿಮಗೆ ಕಿರಿಕಿರಿ ಉಂಟುಮಾಡುತ್ತವೆ? ಆಡಿದವರಿಗೆ ಅದನ್ನು ಹೇಳಿಬಿಡಬೇಕೇ?

ನನ್ನ ಪಟ್ಟಿಯ ಮೊದಲಲ್ಲಿರುವುದು ‘ತಪ್ಪು ತಿಳ್ಕೋಬೇಡಿ, ಆದರೆ...’ ಎಂಬ ಪೀಠಿಕೆ. ಇದು ಕಿವಿಗೆ ಬಿದ್ದ ಕೂಡಲೇ ಚುಚ್ಚುಮಾತೊಂದು ಬರಲಿದೆ ಎಂಬುದು ಖಚಿತವಾಗುತ್ತದೆ. ಅಷ್ಟೇ ಆಗಿದ್ದರೆ ಸಹಿಸಿಕೊಳ್ಳಬಹುದಿತ್ತು. ಆದರೆ ಆಡಲಿರುವ ಮಾತಿನ ಹೊಣೆಯನ್ನು ಆಡುವ ಮೊದಲೇ ಕೇಳುವವರ ಮೇಲೆ ಹೊರಿಸಿಬಿಡುವ ಜಾಣತನ ಇದರಲ್ಲಿದೆ, ಏಕೆಂದರೆ ನಾವು ನೊಂದುಕೊಂಡರೆ ತಪ್ಪು ತಿಳಿದುಕೊಂಡವರು ನಾವೇ ಆಗುತ್ತೇವೆ. ‘ನಾನು ಇದ್ದದ್ದನ್ನು ಇದ್ದ ಹಾಗೆ ಹೇಳೋನು’ ಎಂಬುದೂ ಇದೇ ಜಾತಿಯದು. ಒರಟುತನಕ್ಕೆ ಅದು ಪ್ರಾಮಾಣಿಕತೆಯ ಹೆಸರಿಡುತ್ತದೆ. (ಹೀಗೆನ್ನುವವರ ಮುಂದೆ ಬೇರೆಯವರು ಇದ್ದದ್ದನ್ನು ಇದ್ದ ಹಾಗೆ ಹೇಳಿದರೆ ಏನಾಗುತ್ತದೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.)

ಎರಡನೆಯದು, ಮಾತುಕತೆಯನ್ನು ನಡುವೆಯೇ ಕತ್ತರಿಸುವ ‘ಏನಾದ್ರೂ ಮಾಡ್ಕೋ’. ವಾದದಲ್ಲಿ ಸೋಲನ್ನು ಒಪ್ಪದೆ, ಗೆಲ್ಲುವ ಶ್ರಮವನ್ನೂ ಪಡದೆ, ಎದುರಿಗಿರುವವರ ಮಾತು ಉತ್ತರಕ್ಕೂ ಯೋಗ್ಯವಲ್ಲ ಎಂದು ತೀರ್ಪು ಕೊಟ್ಟು ಎದ್ದು ಹೋಗುವ ಬಗೆ ಇದು. ಅಮೆರಿಕದ ಮ್ಯಾರಿಸ್ಟ್ ಸಂಸ್ಥೆಯು 2009ರಲ್ಲಿ ನಡೆಸಿದ ಸಮೀಕ್ಷೆಯಲ್ಲಿ, ಇಂಗ್ಲಿಷಿನಲ್ಲಿ ಹೆಚ್ಚುಕಡಿಮೆ ಇದೇ ಕೆಲಸ ಮಾಡುವ ‘ವಾಟೆವರ್’ ಪದವನ್ನು ಶೇ. 47ರಷ್ಟು ಜನ ಅತ್ಯಂತ ಕಿರಿಕಿರಿಯ ಪದವೆಂದು ಆರಿಸಿದರು; ಆಮೇಲೂ ಹಲವು ವರ್ಷ ಅದೇ ಮೊದಲ ಸ್ಥಾನದಲ್ಲಿತ್ತು. ಇದರಲ್ಲಿ ನನಗೆ ಅಚ್ಚರಿಯೇನೂ ಕಾಣುವುದಿಲ್ಲ. ಬೈಗುಳಕ್ಕಾದರೂ ಮರುಮಾತು ಆಡಬಹುದು, ಇದಕ್ಕೆ ಆ ಅವಕಾಶವೂ ಇಲ್ಲ. ದುಃಖದಲ್ಲಿರುವವರಿಗೆ ‘ಆಗೋದೆಲ್ಲ ಒಳ್ಳೇದಕ್ಕೇ’ ಎನ್ನುವುದನ್ನೂ ಇದರ ಪಕ್ಕದಲ್ಲೇ ಇಡುತ್ತೇನೆ. ಹೇಳುವವರ ಉದ್ದೇಶ ಒಳ್ಳೆಯದೇ ಇರಬಹುದು, ಆದರೆ ಕೇಳಿದವರಿಗೆ ತಮ್ಮ ನೋವನ್ನು ಮುಂದುವರಿಸಿ ಹೇಳಿಕೊಳ್ಳುವ ದಾರಿ ಅಲ್ಲಿಗೆ ಮುಚ್ಚಿಹೋಗುತ್ತದೆ.

ಬಹಳ ಜನರಿಗೆ ಸಿಟ್ಟು ತರಿಸುವ ‘ಮತ್ತೇನು ಸಮಾಚಾರ?’ ಎಂಬ ಪ್ರಶ್ನೆಯ ಪರವಾಗಿ ಮಾತ್ರ ನಾನು ವಾದಿಸುತ್ತೇನೆ. ಮಾನವಶಾಸ್ತ್ರಜ್ಞ ಬ್ರೋನಿಸ್ಲಾವ್ ಮಾಲಿನೋವ್ಸ್ಕಿ ಅವರು 1923ರಲ್ಲೇ, ವಿಷಯ ತಿಳಿಸುವುದಕ್ಕಲ್ಲದೆ ಕೇವಲ ಸಂಬಂಧವನ್ನು ಉಳಿಸಿಕೊಳ್ಳುವುದಕ್ಕಾಗಿ ಆಡುವ ಇಂಥ ಮಾತುಗಳನ್ನು ಪ್ರತ್ಯೇಕವಾಗಿ ಗುರುತಿಸಿದ್ದರು. ಅಲ್ಲಿ ಸಮಾಚಾರ ಯಾರಿಗೂ ಬೇಕಾಗಿರುವುದಿಲ್ಲ, ‘ಏನಿಲ್ಲ, ನಡೀತಿದೆ’ ಎಂದರೆ ಸಾಕು. ‘ಆಕ್ಚುಲಿ’, ‘ಬೇಸಿಕಲಿ’ಗಳನ್ನೂ ಬಹುಮಟ್ಟಿಗೆ ಕ್ಷಮಿಸಬಹುದು, ಮುಂದಿನ ವಾಕ್ಯವನ್ನು ಜೋಡಿಸಿಕೊಳ್ಳಲು ಆಡುವವರಿಗೆ ಅರೆಕ್ಷಣ ಬೇಕಾಗಿರುತ್ತದೆ, ಅಷ್ಟೆ. ಪ್ರತಿ ವಾಕ್ಯದ ಕೊನೆಗೂ ‘ಅರ್ಥ ಆಯ್ತಾ?’ ಎಂದು ಕೇಳುವವರಿಗೆ ಈ ರಿಯಾಯಿತಿ ಇಲ್ಲ.

ಒಂದು ಪದ ನಮ್ಮನ್ನು ಕಾಡತೊಡಗಿದ ಮೇಲೆ ಅದು ಎಲ್ಲೆಡೆಯೂ ಕೇಳಿಸುತ್ತದೆ ಎಂಬುದನ್ನೂ ಗಮನದಲ್ಲಿಡಬೇಕು. ಭಾಷಾವಿಜ್ಞಾನಿ ಆರ್ನಲ್ಡ್ ಜ್ವಿಕಿ ಅವರು 2005ರಲ್ಲಿ ಇದಕ್ಕೆ ‘ಫ್ರೀಕ್ವೆನ್ಸಿ ಇಲ್ಯೂಷನ್’ ಎಂಬ ಹೆಸರು ಕೊಟ್ಟರು. ಪದದ ಬಳಕೆ ಹೆಚ್ಚದಿದ್ದರೂ ನಮ್ಮ ಗಮನ ಅದರ ಮೇಲೆಯೇ ನೆಟ್ಟಿರುವುದರಿಂದ ಹೆಚ್ಚಿದಂತೆ ತೋರುತ್ತದೆ. ಆದ್ದರಿಂದ ‘ಅವರು ದಿನಕ್ಕೆ ನೂರು ಸಲ ಅದನ್ನೇ ಹೇಳುತ್ತಾರೆ’ ಎಂಬ ನಮ್ಮ ದೂರನ್ನು ನಾವೇ ಪೂರ್ತಿ ನಂಬಬಾರದು.

ಇನ್ನು, ಆಡಿದವರಿಗೆ ಹೇಳಬೇಕೇ ಎಂಬ ನಿಮ್ಮ ಎರಡನೆಯ ಪ್ರಶ್ನೆ. ‘ಆಕ್ಚುಲಿ’ಯಂಥ ಅಭ್ಯಾಸದ ಪದಗಳನ್ನು ಎತ್ತಿ ತೋರಿಸಬೇಡಿ, ತೋರಿಸಿದರೆ ಪದ ಹೋಗುವುದಿಲ್ಲ, ಅವರು ನಿಮ್ಮೆದುರು ಬಾಯಿ ಬಿಡಲು ಹಿಂಜರಿಯುತ್ತಾರೆ. ‘ಏನಾದ್ರೂ ಮಾಡ್ಕೋ’ ಎಂಬುದನ್ನು ಮಾತ್ರ ಹಾಗೆ ಬಿಡುವುದು ಸರಿಯಲ್ಲ. ಹತ್ತಿರದವರಾದರೆ, ಸಿಟ್ಟು ಇಳಿದ ಮೇಲೆ, ‘ನಿನಗೆ ಒಪ್ಪಿಗೆ ಇಲ್ಲದಿದ್ದರೆ ಇಲ್ಲ ಅಂತ ಹೇಳು, ನಾನು ಕೇಳಿಸ್ಕೋತೀನಿ’ ಎಂದು ನೇರವಾಗಿ ತಿಳಿಸುವುದು ವಾಸಿ. ಮೇಲಧಿಕಾರಿಗಳ ವಿಷಯದಲ್ಲಿ ಈ ಸಲಹೆ ನಡೆಯುವುದಿಲ್ಲ.