ಎಚ್-4 ವೀಸಾದಲ್ಲಿರುವ ಹೆಂಡತಿ ಸ್ಯಾನ್ ಫ್ರಾನ್ಸಿಸ್ಕೊ ಸಿಟಿ ಕಾಲೇಜಿಗೆ ಸೇರಬಹುದಾ?

ಧಾರಾಳವಾಗಿ ಸೇರಬಹುದು. ಎಚ್-4 ಅಂದರೆ ಅಮೆರಿಕಕ್ಕೆ ಕೆಲಸದ ವೀಸಾದಲ್ಲಿ ಬಂದವರ ಹೆಂಡತಿ, ಗಂಡ, ಮಕ್ಕಳಿಗೆ ಸಿಗುವ ವೀಸಾ, ಅದರಲ್ಲಿ ಓದಲು ಬೇರೆ ವೀಸಾ ಬೇಕಿಲ್ಲ. "ಅದು ನಿಜವಾದ ಕಾಲೇಜಾ, ಇಲ್ಲಾ ಟ್ಯುಟೋರಿಯಲ್ ಥರಾನಾ" ಅಂತಲೂ ಕೇಳಿದ್ದೀರಿ. ನಿಜವಾದ ಕಾಲೇಜೇ, ಆದರೆ ನಾನೂ ಮೊದಲು ಟ್ಯುಟೋರಿಯಲ್ ಅಂದುಕೊಂಡಿದ್ದೆ. ಊರಲ್ಲಿ ಬಿ.ಕಾಂ. ಮಾಡಿ ಬಂದವಳು, ಇಲ್ಲಿ ಫೋನ್ ಎತ್ತಿದರೆ ಆ ಕಡೆಯವರ ಮಾತು ಅರ್ಧ ತಿಳಿಯುತ್ತಿರಲಿಲ್ಲ, ಅದಕ್ಕೇ ಇಂಗ್ಲಿಷ್ ಕ್ಲಾಸಿಗೆ ಹೋದೆ. ಪಕ್ಕದಲ್ಲಿ ಒಬ್ಬ ಚೀನೀ ಅಜ್ಜಿ, ಹಿಂದೆ ಹೋಟೆಲಿನಲ್ಲಿ ಅಡುಗೆ ಮಾಡುವ ಹುಡುಗ. ನಾನೇ ಎಲ್ಲರಿಗಿಂತ ಜಾಸ್ತಿ ನಾಚುತ್ತಿದ್ದವಳು!

ಕಾಲೇಜು ಶುರುವಾಗಿದ್ದು 1935ರಲ್ಲಿ, ಜನರ ಕೈಯಲ್ಲಿ ಕೆಲಸವೂ ಇಲ್ಲ, ಕಾಸೂ ಇಲ್ಲ ಅನ್ನುವ ಕಾಲದಲ್ಲಿ. ಸ್ವಂತ ಕಟ್ಟಡ ಇರಲಿಲ್ಲ. ಊರಿಡೀ ಚದುರಿದ ಜಾಗಗಳಲ್ಲಿ ಪಾಠ, ಒಂದು ಕ್ಲಾಸಿನಿಂದ ಇನ್ನೊಂದಕ್ಕೆ ಟ್ರಾಮ್ ಹತ್ತಿ ಓಡಬೇಕಿತ್ತು, ಅದಕ್ಕೆ "ಟ್ರಾಲಿ ಕಾರ್ ಕಾಲೇಜು" ಅಂತಲೇ ಹೆಸರು ಬಿತ್ತು. 1940ರಲ್ಲಿ ಓಷನ್ ಕ್ಯಾಂಪಸ್ ಅನ್ನುವ ಕಾಲೇಜಿನ ಮುಖ್ಯ ಜಾಗದಲ್ಲಿ ಕಟ್ಟಡ ಎದ್ದಿತು. ಅದೇ ವರ್ಷ ಮೆಕ್ಸಿಕೊದ ಹೆಸರಾಂತ ಚಿತ್ರಕಾರ ಡಿಯೆಗೊ ರಿವೇರಾ ಇಲ್ಲಿನ ದೊಡ್ಡ ವಸ್ತುಪ್ರದರ್ಶನದಲ್ಲಿ ಜನರೆದುರೇ ಬರೆದ ಭಾರೀ ಚಿತ್ರ ಈ ಕಾಲೇಜಿಗೆ ಅಂತಲೇ ಇತ್ತು. ಆದರೆ ಅದನ್ನು ಇಡಬೇಕಿದ್ದ ಲೈಬ್ರರಿಯನ್ನು ಕಟ್ಟಲೇ ಇಲ್ಲ, ಪಾಪ, 1961ರ ತನಕ ಪೆಟ್ಟಿಗೆಯಲ್ಲೇ ಇತ್ತು.

"ಅದು ಮುಚ್ಚಿಹೋಯಿತಲ್ವಾ?" ಅಂತ ಯಾರಾದರೂ ಹೆದರಿಸಿದರೆ, ಮುಚ್ಚಿಲ್ಲ. 2013ರಲ್ಲಿ ಮಾನ್ಯತೆ ಕೊಡುವ ಸಂಸ್ಥೆ, ಹಣಕಾಸು ಮತ್ತು ಆಡಳಿತ ಸರಿಯಿಲ್ಲ ಅಂತ ಮಾನ್ಯತೆ ತೆಗೆಯುವುದಾಗಿ ಹೇಳಿತ್ತು. ನಗರಾಡಳಿತದ ವಕೀಲರು ಕೋರ್ಟಿಗೆ ಹೋದರು, ಕೋರ್ಟು ತಡೆಯಿತು, ಆ ಗಲಾಟೆಯಲ್ಲಿ ಸುಮಾರು ವಿದ್ಯಾರ್ಥಿಗಳು ಕಡಿಮೆಯಾದರು. 2017ರ ಜನವರಿಯಲ್ಲಿ ಮಾನ್ಯತೆ ಗಟ್ಟಿಯಾಯಿತು.

ಓದಲು ಏನಿದೆ ಅಂದರೆ, ನರ್ಸಿಂಗ್, ಅಡುಗೆ-ಹೋಟೆಲ್ ಕೆಲಸ, ವಿಮಾನ ರಿಪೇರಿ, ಕಂಪ್ಯೂಟರ್, ಎಲ್ಲವೂ. 60 ಯೂನಿಟ್ (ಪಾಠದ ಅಳತೆ) ಮುಗಿಸಿದರೆ ಅಸೋಸಿಯೇಟ್ ಡಿಗ್ರಿ, ಅಂದರೆ ಎರಡು ವರ್ಷದ ಪದವಿ. ಇಲ್ಲಿ ಎರಡು ವರ್ಷ ಓದಿ ಬರ್ಕ್ಲಿ ವಿಶ್ವವಿದ್ಯಾಲಯಕ್ಕೆ ಹೋದವರೂ ಇದ್ದಾರೆ, ಫೀಸಿನ ದೃಷ್ಟಿಯಿಂದ ಜಾಣ ದಾರಿ.

ಫೀಸು ಕ್ಯಾಲಿಫೋರ್ನಿಯಾ ನಿವಾಸಿಗಳಿಗೆ ಯೂನಿಟ್‌ಗೆ 46 ಡಾಲರ್. ಸ್ಯಾನ್ ಫ್ರಾನ್ಸಿಸ್ಕೊದಲ್ಲೇ ಇರುವವರಿಗೆ ಅದನ್ನೂ ನಗರವೇ ಕಟ್ಟುವ ಯೋಜನೆ 2017ರಲ್ಲಿ ಶುರುವಾಯಿತು. ಬಂದು ಒಂದು ವರ್ಷ ಆಗುವ ತನಕ ನಿವಾಸಿ ಅಂತ ಲೆಕ್ಕಕ್ಕೆ ಬರುವುದಿಲ್ಲ, ಆಗ ಫೀಸು ತುಂಬಾ ಜಾಸ್ತಿ. ಹಾಗಾಗಿ ಮೊದಲು ನಾನ್‌ಕ್ರೆಡಿಟ್, ಅಂದರೆ ಡಿಗ್ರಿಯ ಲೆಕ್ಕಕ್ಕೆ ಬಾರದ, ಇಂಗ್ಲಿಷ್ ಕ್ಲಾಸಿಗೆ ಕಳಿಸಿ, ಅದಕ್ಕೆ ಫೀಸೇ ಇಲ್ಲ. ಊರಿನ ಮಿಷನ್, ಚೈನಾಟೌನ್ ಬಡಾವಣೆ ಎರಡೂ ಕಡೆ ನಡೆಯುತ್ತದೆ. ಒಂದೇ ವಿಷಯ, ಕೋರ್ಸ್ ಮುಗಿದ ಕೂಡಲೇ ಸಂಬಳ ಅಂತ ಲೆಕ್ಕ ಹಾಕಬೇಡಿ, ಎಚ್-4ನಲ್ಲಿ ಇಎಡಿ (ಕೆಲಸದ ಪರವಾನಗಿ) ಇಲ್ಲದೆ ದುಡಿಯುವ ಹಾಗಿಲ್ಲ.